ಒಂದು ಕಿಲೋ ಎರಡಾದದ್ದು ಯಾವಾಗ?

ಚಿಕ್ಕಮಗಳೂರಿನಲ್ಲಿ ಆಪ್ತಸಮಾಲೋಚಕನಾಗಿರುವ ನನ್ನ ಬಳಿಗೆ ‘ತಪ್ಪು ಮಾಡಿದ್ದೇನೆ’ ಎಂದು ಹೇಳಿಕೊಂಡು ಬರುವವರು ಕಡಿಮೆ. ನಿದ್ದೆಯಿಲ್ಲ, ಎದೆಯುರಿ, ಮನೆಯವರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಎಂದು ಬರುವವರೇ ಹೆಚ್ಚು. ಕಾಫಿ ತೋಟವೊಂದರಲ್ಲಿ ಬಹುಕಾಲದಿಂದ ರೈಟರಾಗಿರುವ, ಅಂದರೆ ತೋಟದ ಲೆಕ್ಕ ಬರೆಯುವ ಒಬ್ಬರು ಬಂದದ್ದೂ ಹಾಗೆಯೇ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಕೊಯ್ಲಿನ ದಿನಗಳಲ್ಲಿ ಸಂಜೆಯಾಗುತ್ತಲೇ ಆಳುಗಳು ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ರೈಟರು ತೂಕ ನೋಡಿ ಕೂಗಿ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ. ಚೀಲದ ತೂಕವೆಂದು ಒಂದು ಕಿಲೋ ಕಳೆಯುವುದು ಆ ತೋಟದ ವಾಡಿಕೆ. ಒಂದು ವರ್ಷ ಕೊಯ್ಲಿನ ನಡುವೆ ಮಳೆ ಹಿಡಿದು ಹಣ್ಣು ನೆಂದಾಗ ಇವರು ಒಂದೂವರೆ ಕಿಲೋ ಕಳೆದರು. ಅದಕ್ಕೆ ಕಾರಣವೂ ಇತ್ತು. ಆದರೆ ಮಳೆ ನಿಂತ ಮೇಲೂ ಒಂದೂವರೆ ಹಾಗೆಯೇ ಉಳಿಯಿತು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿನ ಬಳಿ ಸಿಕ್ಕ ತೂಕ ಪುಸ್ತಕದ ಲೆಕ್ಕಕ್ಕಿಂತ ಕಡಿಮೆ ಬಂದು ಸಾಹುಕಾರರಿಂದ ಬೈಸಿಕೊಂಡ ಮೇಲೆ ಅದು ಎರಡಾಯಿತು. ‘ಎರಡು ಮಾಡಬೇಕೆಂದು ಯಾವತ್ತು ತೀರ್ಮಾನ ಮಾಡಿದಿರಿ?’ ಎಂದು ನಾನು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ‘ತೀರ್ಮಾನ ಅಂತ ಮಾಡಲೇ ಇಲ್ಲ ಸಾರ್’ ಎಂದರು.

ಈ ಉತ್ತರವನ್ನು ನುಣುಚಿಕೊಳ್ಳುವ ಮಾತೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಭಾವಿಸುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಯೋಗ ನಡೆಸುವವನ ಅಪ್ಪಣೆಯಂತೆ ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೀರೆಂದು ಹೇಳಲಾಗಿದ್ದ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ಆಘಾತ ನಿಜವಾದದ್ದಾಗಿರಲಿಲ್ಲ. ಇದನ್ನು ಅಧಿಕಾರಕ್ಕೆ ತಲೆಬಾಗುವ ಕಥೆಯೆಂದೇ ಎಲ್ಲರೂ ಹೇಳುತ್ತಾರೆ. ಆ ಯಂತ್ರದ ಗುಂಡಿಗಳು 15ರಿಂದ ಆರಂಭವಾಗಿ ಹದಿನೈದು ಹದಿನೈದೇ ವೋಲ್ಟ್ ಏರುತ್ತಿದ್ದವೆಂಬುದು ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ. 150 ಒತ್ತಿದವನು 165ಕ್ಕೆ ನಿಲ್ಲಬೇಕಾದರೆ, ಈಗಷ್ಟೇ ಮಾಡಿದ್ದು ತಪ್ಪೆಂದು ಮೊದಲು ತನಗೆ ತಾನೇ ಒಪ್ಪಿಕೊಳ್ಳಬೇಕಾಗುತ್ತದೆ. (ಆ ಪ್ರಯೋಗದ ಬಗ್ಗೆ ಆಮೇಲೆ ಸಾಕಷ್ಟು ತಕರಾರುಗಳೂ ಎದ್ದಿವೆ, ಎಲ್ಲರೂ ಆಘಾತವನ್ನು ನಿಜವೆಂದು ನಂಬಿದ್ದರೇ ಎಂಬುದು ಅವುಗಳಲ್ಲಿ ಒಂದು.)

‘ನನ್ನ ಜೇಬಿಗೆ ಒಂದು ರೂಪಾಯಿಯೂ ಬರಲಿಲ್ಲ’ ಎಂದು ರೈಟರು ಮತ್ತೆ ಮತ್ತೆ ಹೇಳುತ್ತಿದ್ದರು. ಮಾತು ನಿಜ, ಅವರಿಗೆ ದಕ್ಕಿದ್ದು ಬೈಗುಳ ತಪ್ಪಿದ್ದಷ್ಟೇ. ತೊಡಕಿರುವುದೂ ಅಲ್ಲಿಯೇ. ಮನಶ್ಶಾಸ್ತ್ರಜ್ಞರಾದ ಲಿಯೊನ್ ಫೆಸ್ಟಿಂಜರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ತೀರಾ ಬೇಸರದ ಕೆಲಸವೊಂದನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಅದು ಸೊಗಸಾಗಿತ್ತೆಂದು ಇನ್ನೊಬ್ಬರಿಗೆ ಸುಳ್ಳು ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟಿದ್ದರು. 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೆಲಸ ನಿಜವಾಗಿಯೂ ಚೆನ್ನಾಗಿತ್ತೆಂದು ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು. ಇಪ್ಪತ್ತು ಪಡೆದವರ ಬಳಿ ಸುಳ್ಳಿಗೆ ಕಾರಣವಿತ್ತು. ಒಂದು ಪಡೆದವರು ತಮ್ಮ ಅಭಿಪ್ರಾಯವನ್ನೇ ಬದಲಿಸಿಕೊಳ್ಳಬೇಕಾಯಿತು. ದೊಡ್ಡ ಲಂಚ ತಿಂದವನಿಗೆ ತಾನು ಲಂಚ ತಿಂದೆನೆಂಬುದಾದರೂ ಗೊತ್ತಿರುತ್ತದೆ. ನಮ್ಮ ರೈಟರಿಗಾದರೋ ‘ಆಳುಗಳು ಕಾಯಿ, ಎಲೆ, ಕಡ್ಡಿ ಸೇರಿಸಿ ತೂಕ ಹೆಚ್ಚಿಸುತ್ತಾರೆ’ ಎಂಬ ನಂಬಿಕೆ ಹುಟ್ಟಿ, ಎರಡು ಮೂರು ಕೊಯ್ಲು ಕಳೆಯುವಷ್ಟರಲ್ಲಿ ಗಟ್ಟಿಯಾಗಿತ್ತು.

ಇಂಥವರಿಗೆ ಪಾಪಪುಣ್ಯದ ಉಪದೇಶ ಮಾಡಿದರೆ ಆ ನಂಬಿಕೆ ಇನ್ನಷ್ಟು ಬಿಗಿಯಾಗುತ್ತದೆಂಬುದು ನನ್ನ ಅನುಭವ. ಹಾಗಾಗಿ ಒಂದು ಸಣ್ಣ ಕೆಲಸವನ್ನಷ್ಟೇ ಸೂಚಿಸಿದೆ: ಮುಂದಿನ ಕೊಯ್ಲಿನ ಮೊದಲ ದಿನ ಎಲ್ಲರೆದುರು ಖಾಲಿ ಚೀಲ ತೂಗಿ, ಎಷ್ಟು ಕಳೆಯಬೇಕೆಂಬುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಬೇಕು, ಮಳೆ ಬಂದರೆ ಬದಲಾವಣೆಯನ್ನು ತಾರೀಕಿನೊಂದಿಗೆ, ಎಲ್ಲರಿಗೂ ಹೇಳಿ ಬರೆಯಬೇಕು. ಸಾಹುಕಾರರನ್ನು ಒಪ್ಪಿಸಲು ಅವರಿಗೆ ಎರಡು ವಾರ ಹಿಡಿಯಿತು.

ಜನವರಿಯಲ್ಲಿ ಮತ್ತೆ ಬಂದಾಗ, ಖಾಲಿ ಚೀಲ 700 ಗ್ರಾಂ ತೂಗಿತೆಂದು ಹೇಳಿದರು. ಮುಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಮುಳ್ಳನ್ನೇ ನೋಡುತ್ತ, ‘ಇಷ್ಟೇನಾ ರೈಟ್ರೇ?’ ಎಂದು ಕೇಳಿದರಂತೆ. ಇವರು ತಲೆ ಎತ್ತದೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡರಂತೆ.