ನೆಜ್ ಪರ್ಸ್ ಜನರ ಕ್ಯಾಮಸ್ ಗೆಡ್ಡೆ ಲೂಯಿಸ್–ಕ್ಲಾರ್ಕ್ ತಂಡಕ್ಕೆ ಒಗ್ಗಲಿಲ್ಲವೇಕೆ?

ಪ್ರಶ್ನೆ: ಅಮೆರಿಕದ ಪಶ್ಚಿಮ ಕರಾವಳಿಯತ್ತ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು ಕ್ಯಾಮಸ್ ಎಂಬ ಗೆಡ್ಡೆ ತಿಂದು ಕಾಯಿಲೆ ಬಿದ್ದರೆಂದು ಓದಿದ್ದೇನೆ. ಅದು ವಿಷದ ಗೆಡ್ಡೆಯಾಗಿದ್ದರೆ ಅಲ್ಲಿನ ಮೂಲನಿವಾಸಿಗಳು ಹೇಗೆ ತಿನ್ನುತ್ತಿದ್ದರು?

ಉತ್ತರ: ಕ್ಯಾಮಸ್ ವಿಷದ ಗೆಡ್ಡೆಯಲ್ಲ. 1805ರ ಸೆಪ್ಟೆಂಬರ್ 20ರಂದು, ಬಿಟರ್‌ರೂಟ್ ಪರ್ವತಗಳನ್ನು ದಾಟಿ ಇಂದಿನ ಐಡಾಹೋ ರಾಜ್ಯದ ಬಯಲಿಗೆ ಹಸಿದು ಇಳಿದ ವಿಲಿಯಂ ಕ್ಲಾರ್ಕ್‌ಗೂ ಅವನ ಜೊತೆಗಿದ್ದ ಬೇಟೆಗಾರರಿಗೂ ನೆಜ್ ಪರ್ಸ್ ಜನರು ಒಣಗಿಸಿದ ಸಾಲ್ಮನ್ ಮೀನು, ಕಾಡುಹಣ್ಣು ಮತ್ತು ಈ ಗೆಡ್ಡೆಯ ರೊಟ್ಟಿಯನ್ನು ಕೊಟ್ಟರು. ಮೀನು ಮತ್ತು ಗೆಡ್ಡೆಗಳನ್ನು ಮಿತಿಮೀರಿ ತಿಂದದ್ದರಿಂದ ಸಂಜೆಯಿಡೀ ಮೈ ಸರಿಯಿರಲಿಲ್ಲವೆಂದು ಕ್ಲಾರ್ಕ್ ಅಂದೇ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಈರುಳ್ಳಿಯನ್ನು ಹೋಲುವ ಈ ಗೆಡ್ಡೆಯಲ್ಲಿ ಪಿಷ್ಟದ ಬದಲು ಇನುಲಿನ್ ಎಂಬ ಶರ್ಕರ ಸಂಗ್ರಹವಾಗಿರುತ್ತದೆ. ಅದನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲದಿರುವುದರಿಂದ ಅದು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಹೊಟ್ಟೆಯುಬ್ಬರ ತರುತ್ತದೆ. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಹಸಿ ಹುಲ್ಲು ಹಾಸಿ, ಗೆಡ್ಡೆಗಳನ್ನಿಟ್ಟು ಮಣ್ಣು ಮುಚ್ಚಿ, ಒಂದೆರಡು ದಿನ ಬೇಯಿಸುತ್ತಿದ್ದುದರ ಗುಟ್ಟು ಇಲ್ಲಿಯೇ ಇದೆ: ಅಷ್ಟು ದೀರ್ಘವಾದ ಹಬೆಗೆ ಇನುಲಿನ್ ಬಹುಪಾಲು ಒಡೆದು ಫ್ರಕ್ಟೋಸ್ ಆಗುತ್ತದೆ, ಬಿಳಿಯ ಗೆಡ್ಡೆ ಕಪ್ಪಾಗಿ ಸಿಹಿಯಾಗುತ್ತದೆ. ಹಾಗೆ ಬೆಂದದ್ದರಲ್ಲಿಯೂ ಸ್ವಲ್ಪ ಇನುಲಿನ್ ಉಳಿಯಬಹುದು. ಬೆಟ್ಟದಲ್ಲಿ ಕುದುರೆಮರಿಯನ್ನು ಕೊಂದು ತಿಂದು ದಿನ ದೂಡಿದ್ದವರ ಹೊಟ್ಟೆಗೆ ಅದು ಒಮ್ಮೆಲೇ, ಅದೂ ಕಂಠಪೂರ್ತಿ ಬಿದ್ದಾಗ ಒಗ್ಗದಿದ್ದುದು ಸಹಜವೇ. ಜೊತೆಗೆ ತಿಂದ ಒಣಮೀನಿನ ಪಾಲೂ ಇದ್ದಿರಬಹುದಾದ್ದರಿಂದ ದೂರನ್ನೆಲ್ಲ ಗೆಡ್ಡೆಯೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ.

ನಿಜವಾದ ವಿಷ ಇರುವುದು ಅದೇ ಬಯಲುಗಳಲ್ಲಿ ಬೆಳೆಯುವ ‘ಡೆತ್ ಕ್ಯಾಮಸ್’ ಎಂಬ ಬೇರೆ ಗಿಡದಲ್ಲಿ. ಕ್ಯಾಮಸ್‌ನ ಹೂ ನೀಲಿ, ಇದರದು ಕೆನೆಬಿಳಿ. ಹೂ ಬಾಡಿದ ಮೇಲೆ ಗೆಡ್ಡೆ ನೋಡಿ ಗುರುತಿಸುವುದು ಕಷ್ಟ. ಅಗೆಯುವ ಕೋಲು ಹಿಡಿದು ಬಯಲಿಗಿಳಿಯುತ್ತಿದ್ದ ಹೆಂಗಸರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕಿತ್ತು.

ಮೆರಿವೆದರ್ ಲೂಯಿಸ್ 1806ರ ಜೂನ್‌ನಲ್ಲಿ ಈ ಗಿಡವನ್ನೂ ಗುಂಡಿಯ ಅಡುಗೆಯನ್ನೂ ಬಹಳ ವಿವರವಾಗಿ ಬರೆದಿಟ್ಟನು. ಹೂಬಿಟ್ಟ ಬಯಲು ದೂರದಿಂದ ತಿಳಿನೀರಿನ ಸರೋವರದಂತೆ ಕಾಣುವುದೆಂದೂ ಹೇಳಿದನು. ಆದರೆ ಗೆಡ್ಡೆ ರುಚಿಯಾಗಿದ್ದರೂ ತಾನು ಯಾವ ರೂಪದಲ್ಲಿ ತಿಂದರೂ ಅದು ತನಗೆ ಒಗ್ಗುವುದಿಲ್ಲವೆಂಬ ಮಾತನ್ನು ಆ ವಿವರಣೆಯಲ್ಲಿ ಸೇರಿಸಲು ಅವನು ಮರೆಯಲಿಲ್ಲ.