ಕಾಯಿಲೆ ಕರ್ಮದ ಫಲವಾದರೆ ಎಚ್ಚರದಿಂದ ಇದ್ದು ಏನು ಪ್ರಯೋಜನ?

ಪ್ರಶ್ನೆ: ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಊರಿನಿಂದ ನೋಡಲು ಬಂದವರೆಲ್ಲ ‘ಯಾವ ಜನ್ಮದ ಕರ್ಮವೋ, ಅನುಭವಿಸಿಯೇ ತೀರಬೇಕು’ ಎನ್ನುತ್ತಾರೆ. ಲೋಕಲ್ ರೈಲಿನಲ್ಲಿ ನಿಂತೇ ಬಂದು ಅವರಿಗೆ ಗಂಜಿ ಕುಡಿಸಲು ಕುಳಿತರೆ, ಚೆಲ್ಲಿದ ಕೂಡಲೇ ರೇಗಿಬಿಡುತ್ತೇನೆ, ಆಮೇಲೆ ಅಳುತ್ತೇನೆ. ಬುದ್ಧನೂ ಕರ್ಮವನ್ನು ಒಪ್ಪಿದವನೇ ಅಲ್ಲವೇ? ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ಧ್ಯಾನ, ಎಚ್ಚರ ಎಂದೆಲ್ಲ ಹೇಳುವುದೇಕೆ? ನಾನು ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಲೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎಲ್ಲವೂ ಮೊದಲೇ ತೀರ್ಮಾನವಾಗಿದೆ ಎಂದು ಬುದ್ಧ ಹೇಳಲಿಲ್ಲ. ಹಾಗೆ ಹೇಳುವವರ ಮಾತನ್ನು ನೇರವಾಗಿಯೇ ಅಲ್ಲಗಳೆದ.

ರಾಜಗೃಹದ ವೇಳುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ನಿಮ್ಮ ಪ್ರಶ್ನೆಯನ್ನೇ ಕೇಳಿದ್ದ: ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ? ಉತ್ತರ ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ ಒಂದಾದ ಸಂಯುತ್ತನಿಕಾಯದಲ್ಲಿದೆ. ಕೆಲವು ನೋವುಗಳು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಮೂರೂ ಕೆರಳಿದಾಗ. ಹವೆ ಬದಲಾಗಿ ಬರುವುದುಂಟು, ದೇಹವನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದುಂಟು, ಪೆಟ್ಟು ಬಿದ್ದು ಬರುವುದುಂಟು. ಕರ್ಮಫಲದಿಂದ ಬರುವ ನೋವು ಆ ಪಟ್ಟಿಯಲ್ಲಿ ಎಂಟನೆಯದು, ಕೊನೆಯದು. ಎಲ್ಲಕ್ಕೂ ಹಿಂದಿನದೇ ಕಾರಣ ಎನ್ನುವವರು ಸ್ವತಃ ಕಂಡುಕೊಳ್ಳಬಹುದಾದದ್ದನ್ನೂ ಲೋಕ ನಿಜವೆಂದು ಒಪ್ಪಿದ್ದನ್ನೂ ಮೀರಿ ಮಾತನಾಡುತ್ತಾರೆ ಎಂದು ಬುದ್ಧ ಹೇಳಿದ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳಲು ಅಥವಾ ಒಡೆಯಲು ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಕಾರಣವಾಗಬಹುದು ಎಂದು ವೈದ್ಯರು ಹೇಳಿದರೆ ಬೌದ್ಧ ಚಿಂತನೆಗೆ ಅದರೊಂದಿಗೆ ಯಾವ ತಕರಾರೂ ಇಲ್ಲ.

ಹಾಗೆಂದು ಬೌದ್ಧ ಗ್ರಂಥಗಳಲ್ಲಿ ಹಿಂದಿನ ಜನ್ಮದ ಮಾತೇ ಇಲ್ಲವೆಂದಲ್ಲ. ಜೀವಿಗಳನ್ನು ಹಿಂಸಿಸಿದವರು ಮುಂದಿನ ಹುಟ್ಟಿನಲ್ಲಿ ರೋಗಿಷ್ಠರಾಗುತ್ತಾರೆ ಎನ್ನುವ ಸುತ್ತವೂ (ಉಪದೇಶವೂ) ಅಂಥದೇ ಇನ್ನೊಂದು ಸಂಗ್ರಹವಾದ ಮಜ್ಝಿಮನಿಕಾಯದಲ್ಲಿದೆ. ಆದರೆ ಯಾರ ಯಾವ ಕರ್ಮ ಹೇಗೆ ಫಲಿಸಿತು ಎಂಬ ಲೆಕ್ಕವನ್ನು ಬುದ್ಧ ನಾಲ್ಕು ಅಚಿಂತ್ಯಗಳಲ್ಲಿ, ಅಂದರೆ ಯೋಚಿಸಿ ಬಗೆಹರಿಸಲಾಗದವುಗಳಲ್ಲಿ, ಸೇರಿಸಿದ. ಅದರ ಬೆನ್ನು ಹತ್ತಿದವನಿಗೆ ಹುಚ್ಚು ಹಿಡಿಯುವುದೊಂದೇ ಬಾಕಿ ಎಂದ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಆ ಲೆಕ್ಕ ಒಪ್ಪಿಸುವ ಅಧಿಕಾರ ಯಾವ ನೆಂಟರಿಗೂ ಇಲ್ಲ.

ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಒಂದು ಘಟನೆಯನ್ನು ನೀವು ಓದಲೇಬೇಕು. ಭೇದಿಯಿಂದ ನರಳುತ್ತಿದ್ದ ಭಿಕ್ಷುವೊಬ್ಬ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಅವನನ್ನು ಕಂಡ ಬುದ್ಧ ಯಾವ ಜನ್ಮದ ಪಾಪವೆಂದು ವಿಚಾರಿಸಲಿಲ್ಲ. ‘ನಿನ್ನನ್ನು ನೋಡಿಕೊಳ್ಳುವವರು ಯಾರಿದ್ದಾರೆ?’ ಎಂದು ಕೇಳಿದ. ಯಾರೂ ಇಲ್ಲ, ನನ್ನಿಂದ ಉಳಿದ ಭಿಕ್ಷುಗಳಿಗೆ ಯಾವ ಉಪಯೋಗವೂ ಇರಲಿಲ್ಲ ಎಂದ ಆ ಭಿಕ್ಷು. ಆನಂದ ನೀರು ತಂದ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಬಳಿಕ ಉಳಿದ ಭಿಕ್ಷುಗಳನ್ನು ಕರೆದು, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂದ. ಕರ್ಮದ ಮಾತೆತ್ತುವ ನೆಂಟರು ಮತ್ತೆ ಬಂದರೆ ಗಂಜಿಯ ಬಟ್ಟಲನ್ನು ಅವರ ಕೈಗೆ ಕೊಟ್ಟು ನೀವು ಒಂದು ಗಂಟೆ ಮಲಗಿ. ಸಂಕೋಚ ಬೇಡ.

ಮುಂಬಯಿಯ ಆಸುಪಾಸಿನಲ್ಲಿದ್ದು ಕರ್ಮದ ಮಾತನಾಡುವಾಗ ಅಂಬೇಡ್ಕರ್ ಅವರನ್ನು ಬಿಡಲಾಗದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಅವರು, ಬಡತನವನ್ನು ಹಿಂದಿನ ಜನ್ಮದ ತಲೆಗೆ ಕಟ್ಟುವ ವಾದವನ್ನು ಬುದ್ಧನದೆಂದು ಒಪ್ಪಲಿಲ್ಲ. ಹಾಗೆ ನಂಬಿದರೆ ದುರ್ಬಲರ ಸ್ಥಿತಿಗೆ ಸಮಾಜವಾಗಲಿ ಸರ್ಕಾರವಾಗಲಿ ಹೊಣೆ ಹೊರಬೇಕಾಗಿಯೇ ಇರುವುದಿಲ್ಲ ಎಂಬುದು ಅವರ ಆಕ್ಷೇಪ. ಮನೆಯೊಳಗಿನ ಕಾಯಿಲೆಗೂ ಈ ಮಾತು ಅನ್ವಯಿಸುತ್ತದೆ ಎಂದು ನಾನು ನಂಬುತ್ತೇನೆ.

ಹಾಗಾದರೆ ಕರ್ಮವೆಂದರೇನು? ಅಂಗುತ್ತರನಿಕಾಯದಲ್ಲಿ ಬುದ್ಧ ಒಂದೇ ಮಾತಿನಲ್ಲಿ ಹೇಳುತ್ತಾನೆ: ‘ಚೇತನಾ’, ಅಂದರೆ ಸಂಕಲ್ಪವನ್ನೇ ನಾನು ಕರ್ಮ ಎನ್ನುತ್ತೇನೆ. ಅಂದರೆ ಇಂಥದ್ದನ್ನು ಮಾಡುತ್ತೇನೆ, ಆಡುತ್ತೇನೆ ಎಂದು ಮನಸ್ಸು ಮಾಡುವುದು. ಮೈ, ಮಾತು, ಆಲೋಚನೆ ಮೂರೂ ಅಲ್ಲಿಂದ ಹೊರಡುತ್ತವೆ. ಎಚ್ಚರಕ್ಕೆ ಕೆಲಸವಿರುವುದೂ ಅಲ್ಲಿಯೇ.

ನಿಮ್ಮ ಗಂಜಿಯ ಹೊತ್ತನ್ನೇ ನೋಡೋಣ. ಚಮಚ ತುಟಿಯ ಬಳಿ ಹೋಗುತ್ತದೆ. ಬಲಗಡೆಯ ತುಟಿ ಪೂರ್ತಿ ಮುಚ್ಚುವುದಿಲ್ಲ. ಗಂಜಿ ಗದ್ದದಿಂದ ಇಳಿದು ಆಗಷ್ಟೇ ಬದಲಿಸಿದ ಹೊದಿಕೆಯ ಮೇಲೆ ಬೀಳುತ್ತದೆ. ನಿಮ್ಮ ಕಿವಿ ಬಿಸಿಯಾಗುತ್ತದೆ, ದವಡೆ ಬಿಗಿಯುತ್ತದೆ, ‘ಎಷ್ಟು ಸಲ ಹೇಳಬೇಕು’ ಎಂಬುದು ನಾಲಿಗೆಯ ತುದಿಗೆ ಬಂದಿರುತ್ತದೆ. ಆ ಬಿಸಿ, ಆ ಬಿಗಿತವನ್ನು ಬೌದ್ಧರು ‘ವೇದನೆ’ ಎನ್ನುತ್ತಾರೆ; ನೋವೆಂದಷ್ಟೇ ಅಲ್ಲ, ತಾನಾಗಿ ಆಗುವ ಅನುಭವ ಎಂಬ ಅರ್ಥದಲ್ಲಿ. ದಿನವಿಡೀ ದುಡಿದ ದೇಹದಲ್ಲಿ ಅದು ತಾನಾಗಿ ಏಳುತ್ತದೆ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಕಾಗಿಲ್ಲ. ಅದನ್ನು ಹಿಡಿದುಕೊಂಡು ನೋಯಿಸಲು ಮನಸ್ಸು ಮಾಡಿದಿರೋ, ಅಲ್ಲಿಂದ ಕರ್ಮ ಶುರು. ನಡುವೆ ಇರುವ ಸಮಯ ಬಹಳ ಚಿಕ್ಕದು. ಎಚ್ಚರವಿಲ್ಲದಿದ್ದರೆ ಅದು ಇತ್ತೆಂದೇ ತಿಳಿಯುವುದಿಲ್ಲ. ಎಚ್ಚರದ ಅಭ್ಯಾಸವನ್ನು ಕುರಿತ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತ ಹೇಳಿಕೊಡುವುದು ಇದನ್ನೇ: ಮನಸ್ಸಿನಲ್ಲಿ ದ್ವೇಷವಿದ್ದರೆ ದ್ವೇಷವಿದೆ ಎಂದು ಅರಿತುಕೋ. ಓಡಿಸು ಎಂದಾಗಲಿ, ನುಂಗಿಕೋ ಎಂದಾಗಲಿ ಅಲ್ಲಿ ಹೇಳಿಲ್ಲ. ದವಡೆ ಬಿಗಿದಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಮಾತು ನಾಲಿಗೆಯ ಮೇಲೆಯೇ ತಡೆದು ನಿಲ್ಲುವುದುಂಟು. ಕೆಲವು ದಿನ ನಿಲ್ಲುವುದಿಲ್ಲ.

ನಿಲ್ಲದ ದಿನ ಏನು ಮಾಡಬೇಕೆಂಬುದನ್ನು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ. ಒಂದು ಕೆಲಸಕ್ಕೆ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ, ಮೂರು ಸಲವೂ ಇದರಿಂದ ನನಗಾಗಲಿ ಇತರರಿಗಾಗಲಿ ಕೇಡುಂಟೇ ಎಂದು ನೋಡಿಕೋ. ಮಾಡುತ್ತಿರುವಾಗ ಗೊತ್ತಾದರೆ ಅರ್ಧಕ್ಕೇ ಬಿಡು. ಮಾಡಿದ ಮೇಲೆ ಗೊತ್ತಾದರೆ ಬಲ್ಲವರೆದುರು ಹೇಳಿಕೊಂಡು ಮುಂದೆ ತಡೆದುಕೋ. ತಪ್ಪಿಲ್ಲವೆಂದು ಕಂಡರೆ ಸಂತೋಷದಿಂದಿರು. ಈ ಕೊನೆಯ ಮಾತನ್ನು ಜನ ಮರೆಯುತ್ತಾರೆ. ನೀವು ರೇಗಿದ ಸಂಜೆಗಳನ್ನಷ್ಟೇ ಬರೆದಿದ್ದೀರಿ. ರೇಗದೆ ಕುಡಿಸಿದ ಸಂಜೆಗಳೂ ಇದ್ದೇ ಇರುತ್ತವೆ. ಅವೂ ಕರ್ಮವೇ. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವಾಗ ನಮ್ಮವರು ಕೆಟ್ಟದ್ದನ್ನಷ್ಟೇ ಎಣಿಸುತ್ತಾರೆ.

ಇನ್ನು ಶಿಬಿರ. ಮಹಾರಾಷ್ಟ್ರದ ಇಗತ್ಪುರಿಯಲ್ಲಿರುವ ಧಮ್ಮಗಿರಿ ಧ್ಯಾನಕೇಂದ್ರದಲ್ಲಿ 1976ರಿಂದ ನಡೆಯುತ್ತಿರುವ 10 ದಿನಗಳ ವಿಪಶ್ಯನ ಶಿಬಿರದಲ್ಲಿ ಅಲ್ಲಿಯೇ ಉಳಿಯಬೇಕು, ಮೌನವಾಗಿರಬೇಕು, ಮೊಬೈಲ್ ಒಪ್ಪಿಸಬೇಕು. ಮೈಯಲ್ಲಿ ಏಳುವ ವೇದನೆಗಳನ್ನು ಪ್ರತಿಕ್ರಿಯಿಸದೆ ನೋಡುವುದನ್ನು ಅಲ್ಲಿ ಶ್ರದ್ಧೆಯಿಂದ ಕಲಿಸುತ್ತಾರೆ. ಆದರೆ ಹಾಸಿಗೆ ಹಿಡಿದವರನ್ನು ನಂಬಿಕಸ್ತರ ಕೈಗೆ ಒಪ್ಪಿಸುವ ಅನುಕೂಲ ಆಗುವವರೆಗೆ ಈ ಯೋಚನೆ ಬೇಡ.

ಸತಿಪಟ್ಠಾನದ ಅಭ್ಯಾಸಕ್ಕೆ ಶಿಬಿರವೇ ಆಗಬೇಕೆಂದಿಲ್ಲ. ನಡೆಯುವಾಗ, ಉಣ್ಣುವಾಗ, ಬಟ್ಟೆ ತೊಡುವಾಗ, ಶೌಚದ ಹೊತ್ತಿನಲ್ಲಿಯೂ ಅರಿವಿನಿಂದಿರು ಎನ್ನುವ ಆ ಸುತ್ತದ ಪಟ್ಟಿಯಲ್ಲಿ ಕೈಕಾಲು ಮಡಚುವುದು, ಚಾಚುವುದೂ ಇದೆ. ಫಿಸಿಯೊಥೆರಪಿಯವರು ಕಲಿಸಿದ ವ್ಯಾಯಾಮವನ್ನು ಮಾಡಿಸುವಾಗ ಟಿವಿ ಆರಿಸಿ. ನಿಮ್ಮ ಗಂಡನ ಬಲಗೈಯನ್ನು ಮಡಚುವಾಗ ಎಲ್ಲಿ ಸೆಳೆಯುತ್ತಿದೆ, ಎಲ್ಲಿ ಏನೂ ತಿಳಿಯುತ್ತಿಲ್ಲ ಎಂದು ಅವರು ಗಮನಿಸಲಿ. ಆ ತೋಳಿನ ಭಾರ ನಿಮ್ಮ ಅಂಗೈಗೆ ಹೇಗೆ ತಗಲುತ್ತಿದೆ ಎಂಬುದರ ಮೇಲೆ ನಿಮ್ಮ ಗಮನವಿರಲಿ. ಗಡಿಯಾರ ನೋಡಬೇಕೆನಿಸಿದರೆ, ಹಾಗೆನಿಸಿತು ಎಂದು ತಿಳಿದುಕೊಂಡು ಮತ್ತೆ ಕೈ ಚಾಚಿಸಿ.