ಸುಳಿ ನೋಡುವ ಮೊದಲು ಸೊಂಟ ನೋಡಿ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಾ? ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ಮೈಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾರೆ. ಸುಳಿ ಇರಬಾರದ ಜಾಗದಲ್ಲಿದ್ದರೆ ಮುಗೀತು. ಎತ್ತು ಎಷ್ಟೇ ಸಾಧುವಾಗಿರಲಿ, ಬೆಲೆ ಇಳಿಯುತ್ತದೆ.

ನಾಯಿ ಸಾಕುವವರಲ್ಲೂ ಸುಳಿ ನೋಡುವವರಿದ್ದಾರೆ. ರೊಡೇಷಿಯನ್ ರಿಜ್‌ಬ್ಯಾಕ್ ಎಂಬ ಆಫ್ರಿಕಾದ ಬೇಟೆನಾಯಿಯ ಬೆನ್ನಿನುದ್ದಕ್ಕೂ ಒಂದು ಗೆರೆ ಇರುತ್ತದೆ. ಅಲ್ಲಿ ಕೂದಲು ಬಾಲದ ಕಡೆ ಮಲಗುವ ಬದಲು ತಲೆಯ ಕಡೆ ತಿರುಗಿರುತ್ತದೆ. ಗೆರೆಯ ಮೇಲ್ತುದಿಯಲ್ಲಿ ಎದುರುಬದುರಾಗಿ ಎರಡು ಸುಳಿ. ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿ 1922ರಲ್ಲಿ ಈ ತಳಿಯ ಲಕ್ಷಣಗಳನ್ನು ಬರೆದಿಟ್ಟರು. ಡಾಗ್ ಷೋಗಳಲ್ಲಿ ಸುಳಿ ಎರಡೇ ಇರಬೇಕು, ಸಮಸಮ ಇರಬೇಕು. ಗೆರೆಯೇ ಇಲ್ಲದ ನಾಯಿಗೆ ಅಲ್ಲಿ ಬೆಲೆಯಿಲ್ಲ. ಗೆರೆಯಿಲ್ಲದೆ ಹುಟ್ಟಿದ ಮರಿಯನ್ನು ಸಾಯಿಸಿಬಿಡುವ ರೂಢಿಯೂ ಬಹಳ ಕಾಲ ಇತ್ತು. 2008ರಲ್ಲಿ ಬಿಬಿಸಿಯ ಒಂದು ಸಾಕ್ಷ್ಯಚಿತ್ರ ಇದನ್ನು ತೋರಿಸಿದಾಗ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಯಿತು.

ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಸ್ವೀಡನ್ನಿನ ವಿಜ್ಞಾನಿಗಳಿದ್ದ ತಂಡ ಗೆರೆಯ ಮೂಲ ಹುಡುಕಿತ್ತು. ಡಿಎನ್‌ಎಯ ಒಂದು ತುಂಡು ಈ ನಾಯಿಗಳಲ್ಲಿ ಎರಡೆರಡು ಸಲ ಇದೆ. ಭ್ರೂಣದ ಬೆಳವಣಿಗೆಗೆ ಬೇಕಾದ ಎಫ್‌ಜಿಎಫ್ ಜಾತಿಯ ಮೂರು ಜೀನ್‌ಗಳು ಆ ತುಂಡಿನಲ್ಲಿವೆ. ಈ ಎಡವಟ್ಟು ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಗೆರೆ ಮೂಡುತ್ತದೆ. ಇಬ್ಬರಿಂದಲೂ ಬಂದರೆ ಗೆರೆಯ ಜೊತೆಗೆ ಡರ್ಮಾಯ್ಡ್ ಸೈನಸ್ ಎಂಬ ಕಾಯಿಲೆಯ ಅಪಾಯವೂ ಜಾಸ್ತಿ. ಚರ್ಮದಿಂದ ಬೆನ್ನುಮೂಳೆಯ ಕಡೆ ಇಳಿಯುವ ಸಣ್ಣ ಕೊಳವೆ ಅದು. ಕೀವು ಕಟ್ಟುತ್ತದೆ. ಆಳಕ್ಕೆ ಇಳಿದಿದ್ದರೆ ಸೋಂಕು ಬೆನ್ನುಹುರಿಯನ್ನೇ ಮುಟ್ಟಬಹುದು.

ಈಗ ಲೆಕ್ಕ ಹಾಕಿ. ಈ ಎಡವಟ್ಟಿನ ಒಂದೊಂದೇ ಪ್ರತಿ ಇರುವ (ಅಂದರೆ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಪಡೆದ) ಎರಡು ಗೆರೆ ನಾಯಿಗಳನ್ನು ಕೂಡಿಸಿದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಪ್ರತಿ ಸಿಗುತ್ತದೆ. ಒಂದು ಮರಿ ಗೆರೆಯಿಲ್ಲದೆ ಹುಟ್ಟುತ್ತದೆ. ಗೆರೆಯಿಲ್ಲದ ಹೆಣ್ಣನ್ನು ಗೆರೆಯಿರುವ ಗಂಡಿಗೆ ಕೂಡಿಸಿದರೆ? ಎರಡೂ ಪ್ರತಿ ಇರುವ ಮರಿ ಒಂದೂ ಹುಟ್ಟುವುದಿಲ್ಲ. ಆ ಗಂಡಿನಲ್ಲಿ ಎರಡು ಪ್ರತಿ ಇದ್ದರಂತೂ ಮರಿಗಳೆಲ್ಲಕ್ಕೂ ಗೆರೆ, ಎಲ್ಲಕ್ಕೂ ಒಂದೇ ಪ್ರತಿ! ಅಂದರೆ ಯಾವುದನ್ನು ದೋಷ ಅಂತ ಎತ್ತಿ ಎಸೆಯುತ್ತಿದ್ದರೋ ಆ ಮರಿಯೇ ತಳಿಯ ಬೆನ್ನು ಕಾಯುತ್ತಿತ್ತು. ಅಂಥ ಹೆಣ್ಣು ಒಳ್ಳೆಯ ಗುಣದ್ದೂ ಆಗಿದ್ದರೆ ನಾನಾದರೆ ಮರಿ ಹಾಕಿಸಲು ಹಿಂದೆಮುಂದೆ ನೋಡುವುದಿಲ್ಲ.

ಹಾಗಂತ ದೋಷ ಅಂದದ್ದೆಲ್ಲ ಬರೀ ಸುಳಿಯ ಮಾತಲ್ಲ. ನಮ್ಮ ಎದುರುಮನೆ ಮೇಷ್ಟ್ರ ಹತ್ತಿರ ಒಂದು ಲ್ಯಾಬ್ರಡಾರ್ ಹೆಣ್ಣಿದೆ. ಹೆಸರು ಗುಂಡಿ. ಬೀದಿಯ ಮಕ್ಕಳು ಕಿವಿ ಎಳೆದರೂ ಸುಮ್ನೆ ಇರುತ್ತದೆ. ಬೆದೆಗೆ ಬಂದಾಗಲೆಲ್ಲ ಮೇಷ್ಟ್ರದು ಒಂದೇ ಪ್ರಶ್ನೆ: "ಇಂಥ ಗುಣ ಎಲ್ಲಿ ಸಿಗುತ್ತೆ ಹೇಳಿ? ಒಂದು ಸಲ ಮರಿ ಹಾಕಿಸೋಣ ಅಂತ. ಆದರೆ ಬಾಲ ಬೆನ್ನ ಮೇಲೆ ಸುತ್ತಿಕೊಳ್ಳುತ್ತಲ್ಲ, ಅದೇ ಯೋಚನೆ."

ಲ್ಯಾಬ್ರಡಾರ್ ಬಾಲ ಹಾಗೆ ಸುತ್ತಿಕೊಳ್ಳಬಾರದು, ನಿಜ. ಆದರೆ ಸುತ್ತಿದ ಬಾಲದಿಂದ ನಾಯಿಗೆ ಯಾವ ನೋವೂ ಇಲ್ಲ. ನನ್ನ ಕಣ್ಣು ಅದರ ಸೊಂಟದ ಮೇಲಿತ್ತು. ಓಡುವಾಗ ಗುಂಡಿ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತದೆ. ಸೊಂಟದ ಕೀಲು ಒರಳು ಮತ್ತು ಗುಂಡುಕಲ್ಲಿನ ಹಾಗೆ. ಒರಳಿನ ಗುಳಿ ಆಳವಾಗಿದ್ದರೆ ಗುಂಡು ಅಲ್ಲೇ ಸುತ್ತುತ್ತದೆ. ಗುಳಿ ಆಳವಿಲ್ಲದಿದ್ದರೆ ಗುಂಡು ಆಚೀಚೆ ಜಾರಿ ಎರಡೂ ಸವೆಯುತ್ತವೆ. ಇದೇ ಹಿಪ್ ಡಿಸ್‌ಪ್ಲೇಸಿಯಾ. ಒಂದು ಜೀನ್‌ನ ಕೆಲಸವಲ್ಲ, ಹಲವು ಜೀನ್‌ಗಳು ಸೇರಿ ತರುವಂಥದ್ದು. ಮರಿಯಲ್ಲಿ ಮೈ ಜಾಸ್ತಿ ಬಂದರೆ ಇನ್ನಷ್ಟು ಕೆಡುತ್ತದೆ.

ಗುಣವೋ ಮೂಳೆಯೋ, ಒಂದನ್ನು ಬಿಡಲೇಬೇಕು ಅಂದುಕೊಳ್ಳಬೇಕಾಗಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕುರುಡರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ 'ದಿ ಸೀಯಿಂಗ್ ಐ' ಎಂಬ ಸಂಸ್ಥೆ ಇದೆ. ಅಲ್ಲಿ ಮೊದಲು ಬೇಕಾದದ್ದೇ ಒಳ್ಳೆಯ ಗುಣ. ಅದರ ಜೊತೆಗೇ ಅವರು ಸೊಂಟದ ಎಕ್ಸ್‌ರೇ ನೋಡಿ ಜೋಡಿ ಆರಿಸಿದರು. ಐದು ತಲೆಮಾರು ತುಂಬುವುದರೊಳಗೆ ಈ ತೊಂದರೆ ಜರ್ಮನ್ ಶೆಫರ್ಡ್‌ಗಳಲ್ಲಿ ಶೇ. 55ರಿಂದ 24ಕ್ಕೆ, ಲ್ಯಾಬ್ರಡಾರ್‌ಗಳಲ್ಲಿ ಶೇ. 30ರಿಂದ 10ಕ್ಕೆ ಇಳಿಯಿತು.

ಇನ್ನು ಗುಣದ ವಿಷಯ. ಅದು ರಕ್ತದಲ್ಲಿ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಯಾರನ್ನು ನೋಡಿತು, ಯಾವ ಸದ್ದು ಕೇಳಿತು, ಎಷ್ಟು ಕೈಗಳಲ್ಲಿ ಆಡಿತು ಎಂಬುದರ ಮೇಲೂ ನಿಂತಿದೆ. 2022ರಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಅಧ್ಯಯನವೊಂದು ಬಂತು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದಿತು ಅದು. ಹಾಗಾಗಿ ಗುಂಡಿಯ ಮರಿ ಇನ್ನೊಂದು ಗುಂಡಿಯೇ ಆಗುತ್ತದೆ ಎಂದು ಯಾರೂ ಬರೆದುಕೊಡಲಾರರು.

ಮೇಷ್ಟ್ರಿಗೆ ಇಷ್ಟೇ ಹೇಳಿದೆ: "ಬಾಲ ಬಿಡಿ ಸಾರ್, ಸೊಂಟದ ಎಕ್ಸ್‌ರೇ ತೆಗೆಸಿ." ನಮ್ಮ ದೇಶದ 2017ರ ನಾಯಿ ಸಾಕಣೆ ನಿಯಮದಲ್ಲಿ ಹೆಣ್ಣುನಾಯಿಗೆ ಹದಿನೆಂಟು ತಿಂಗಳಾದರೆ ಮರಿ ಹಾಕಿಸಬಹುದು. ಆದರೆ ಅಮೆರಿಕದಲ್ಲಿ ಸೊಂಟಕ್ಕೆ ಕೊನೆಯ ದರ್ಜೆ ಕೊಡುವುದು ಎರಡು ವರ್ಷ ತುಂಬಿದ ಮೇಲೆಯೇ. ಗುಂಡಿಗೆ ಮೂರು ತುಂಬಿತ್ತು.

ಎಕ್ಸ್‌ರೇಯಲ್ಲಿ ಬಲಗಡೆಯ ಗುಳಿ ತಟ್ಟೆಯ ಹಾಗೆ ಆಳವಿಲ್ಲದೆ ಇತ್ತು. ಮೇಷ್ಟ್ರು ಎರಡು ದಿನ ಮಾತಾಡಲಿಲ್ಲ. ಮುಂದಿನ ತಿಂಗಳು ಗುಂಡಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಕೊಂಡು ಬಂದರು. ಮರಿ ಬೇಕೆಂದು ಆರು ಮನೆಯವರು ಮೊದಲೇ ಹೇಳಿಟ್ಟಿದ್ದರು. ಅವರು ಬಂದರೆ ಈಗ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಗುಂಡಿ ಪಕ್ಕದಲ್ಲೇ ನಿಂತು ಬಾಲ ಅಲ್ಲಾಡಿಸುತ್ತಿರುತ್ತದೆ.